ಹಾಸ್ಟೆಲ್ಲಿಗೆ ಹೋದ ಸೋಪು

ಮೊದಲು ಕಿರುಚಿದವಳು ನಲ್ಲಿಗಳ ಸಾಲಿನ ಕೊನೆಯಲ್ಲಿದ್ದ ಹುಡುಗಿ. ಆಮೇಲೆ ಅವಳ ಪಕ್ಕದವಳು. ವಾರ್ಡನ್ ಓಡಿ ಬರುವಷ್ಟರಲ್ಲಿ ಬಚ್ಚಲುಮನೆ ತುಂಬ ಅಳು. ಹುಡುಗಿಯರು ಅಂಗೈಗಳನ್ನು ಮುಂದೆ ಚಾಚಿಕೊಂಡು ನಿಂತಿದ್ದರು. ಬಿಸಿ ಎಣ್ಣೆ ಬಿದ್ದ ಹಾಗೆ ಚರ್ಮ ಕೆಂಪಾಗಿ ಬೊಬ್ಬೆಯೆದ್ದಿತ್ತು. ಒಬ್ಬಳು ಮುಖಕ್ಕೂ ಹಚ್ಚಿಕೊಂಡಿದ್ದಳು. ಅವಳು ಕಣ್ಣು ಬಿಡಲಾಗದೆ ಗೋಡೆ ತಡವುತ್ತಿದ್ದಳು.

ಇನ್ಸ್‌ಪೆಕ್ಟರ್ ಬಂದಾಗ ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಿ ಆಗಿತ್ತು. ಈ ಇನ್ಸ್‌ಪೆಕ್ಟರ್ ಹೆಂಗಸು. ಠಾಣೆಯಲ್ಲಿ ಅವಳ ಬೆನ್ನ ಹಿಂದೆ ಎಲ್ಲರೂ ಅವಳನ್ನು ಒಣಮೆಣಸಿನಕಾಯಿ ಎನ್ನುತ್ತಾರೆ. ಅವಳಿಗೆ ಅದು ಗೊತ್ತು. ಬೇಸರವೇನಿಲ್ಲ.

"ಯಾರು ಮಾಡಿದ ಸೋಪು?"

"ಆ ಎಡಚಿದು ಮೇಡಂ," ಎಂದಳು ವಾರ್ಡನ್. "ಹೆಂಗಸರು ಸೇರ್ಕೊಂಡು ಶೆಡ್ಡಲ್ಲಿ ಮಾಡ್ತಾರಲ್ಲ, ಅದು. ಪಾಪ, ಅವರಿಗೂ ಒಂದು ಅವಕಾಶ ಸಿಗಲಿ ಅಂತ ನಾನೇ ಹಠ ಹಿಡಿದು ಆರ್ಡರ್ ಕೊಡಿಸಿದೆ. ನನ್ನ ತಲೆ ಮೇಲೆ ನಾನೇ ಚಪ್ಪಡಿ ಎಳ್ಕೊಂಡೆ."

"ಮುಂಚೆ ಯಾವತ್ತಾದ್ರೂ ಹೀಗೆ ಆಗಿತ್ತಾ?"

"ಇಲ್ಲ. ಹೋದ ತಿಂಗಳು ಇವರದೇ ಸೋಪು ಬೇರೆ ಹೆಸರಿನ ಕಾಗದದಲ್ಲಿ ಬಂದಿತ್ತು, ಚೆನ್ನಾಗೇ ಇತ್ತು. ಇದು ಇವತ್ತು ಬೆಳಿಗ್ಗೆ ಬಂದಿದ್ದು. ಇನ್ನೂ ಮೇಲಿನ ಸಾಲನ್ನೇ ಹಂಚ್ತಿದ್ವಿ."

ಇನ್ಸ್‌ಪೆಕ್ಟರ್ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಮೇಲಿನ ಸಾಲಿನಲ್ಲಿ ಉಳಿದಿದ್ದವುಗಳಲ್ಲಿ ಒಂದು ಸೋಪನ್ನು ಬಿಚ್ಚಿ, ಒದ್ದೆ ಬೆರಳು ಒತ್ತಿದಳು. ಚುರುಕ್ಕೆಂದಿತು. ಕೆಳಗಿನ ಸಾಲಿನದನ್ನು ಬಿಚ್ಚಿ ಒತ್ತಿದಳು. ಏನೂ ಆಗಲಿಲ್ಲ. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ಕೆಳಗಿನದು ಹಾಲುಬಿಳುಪು. ಮೇಲಿನದಕ್ಕೆ ಬೂದಿಯ ಛಾಯೆ.

ಅಷ್ಟರಲ್ಲಿ ಫೋನು. ಮೇಲಿನ ಸಾಹೇಬರು.

"ಊರೆಲ್ಲ ಕೂಗಾಡ್ತಿದೆ. ಸಂಜೆಯೊಳಗೆ ಆ ಹೆಂಗಸನ್ನ ಒಳಗೆ ಹಾಕಿ, ಶೆಡ್ಡಿಗೆ ಬೀಗ ಜಡಿದುಬಿಡಿ. ಲೈಸೆನ್ಸ್ ರದ್ದು ಮಾಡೋಕೆ ನಾನೇ ಹೇಳ್ತೀನಿ."

"ವಿಚಾರಣೆ ಸರ್?"

"ಅದರಲ್ಲಿ ವಿಚಾರಣೆ ಏನ್ರಿ? ಅಡುಗೆಮನೆ ಬಿಟ್ಟು ಫ್ಯಾಕ್ಟರಿ ನಡೆಸ್ತೀವಿ ಅಂತ ಹೊರಟರೆ ಇದೇ ಆಗೋದು."

ಫೋನಿನಲ್ಲಿ ಮೇಲಧಿಕಾರಿಯ ಮುಖಕ್ಕೆ ಉಗಿಯುವ ಸೌಲಭ್ಯ ಇನ್ನೂ ಬಂದಿಲ್ಲ. ಅವಳು ಹಲ್ಲು ಕಚ್ಚಿ "ಸರಿ ಸರ್" ಎಂದಳು.

* * *

ಶೆಡ್ಡು ಎಡಚಿಯ ಮನೆಯ ಹಿತ್ತಲಿನಲ್ಲಿತ್ತು. ಅಚ್ಚುಗಳು, ಸ್ಟೀಲ್ ಪಾತ್ರೆಗಳು, ಒಣಗಲು ಜೋಡಿಸಿಟ್ಟ ಸೋಪಿನ ಹಲಗೆಗಳು. ಕೆಲಸದ ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು. ಇನ್ಸ್‌ಪೆಕ್ಟರ್ ಜತೆ ಬಂದಿದ್ದ ದಫೇದಾರ ತನ್ನ ಊಟದ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟನೋ ಇಲ್ಲವೋ, ಎಲ್ಲರೂ ಒಟ್ಟಿಗೆ ಬೊಬ್ಬೆ ಹಾಕಿದರು.

"ಅಯ್ಯೋ, ತೆಗೀರಿ, ತೆಗೀರಿ! ಹೊರಗಿಡಿ!"

ದಫೇದಾರ ಬಾಂಬು ಎತ್ತಿದವನ ಹಾಗೆ ಡಬ್ಬಿ ಎತ್ತಿ ಹೊರಗೆ ಹಾರಿದ.

"ಅಲ್ಯೂಮಿನಿಯಂ ಒಳಗೆ ತರೋ ಹಾಗಿಲ್ಲ," ಎಂದಳು ಎಡಚಿ. "ಸೋಪಿಗೆ ಹಾಕೋ ಕಾಸ್ಟಿಕ್ ಸೋಡಾ, ಹೆಚ್ಚಾದ್ರೆ ಮೈಯನ್ನೂ ಸುಡುತ್ತಲ್ಲ, ಅದು ಇದನ್ನ ತಿಂದುಹಾಕುತ್ತೆ. ಸೋಪೂ ಕೆಡುತ್ತೆ, ಪಾತ್ರೆಯೂ ಹೋಗುತ್ತೆ. ನಮ್ಮದೆಲ್ಲ ಸ್ಟೀಲು."

ನಲವತ್ತರ ಆಸುಪಾಸಿನ ವಿಧವೆ. ಅತ್ತು ಅತ್ತು ಮುಖ ಊದಿತ್ತು. ಆದರೆ ಅವಳು ಮೊದಲು ಕೇಳಿದ್ದು ತನ್ನ ವಿಷಯವನ್ನಲ್ಲ.

"ಆ ಮಗುವಿನ ಕಣ್ಣು ಹೇಗಿದೆ ಮೇಡಂ?"

"ಕಟ್ಟು ಹಾಕಿದ್ದಾರೆ. ನಾಳೆ ಬಿಚ್ಚಿ ನೋಡ್ತಾರಂತೆ."

ಎಡಚಿ ಎಡಗೈಯಿಂದ ಬಾಯಿ ಮುಚ್ಚಿಕೊಂಡಳು. ಎಲ್ಲ ಕೆಲಸಕ್ಕೂ ಎಡಗೈಯೇ ಅವಳಿಗೆ ಮುಂದು. ಅದಕ್ಕೇ ಆ ಹೆಸರು.

"ಇಲ್ಲಿಂದ ಹೋಗುವಾಗ ನಮ್ಮ ಸೋಪು ಚೆನ್ನಾಗಿತ್ತು," ಎಂದಳು. "ಪ್ರತಿ ಅಚ್ಚಿನದೂ ಒಂದನ್ನ ನಾವೇ ತೊಳ್ಕೊಂಡು ನೋಡ್ತೀವಿ. ನೀವು ನನ್ನ ಕರ್ಕೊಂಡು ಹೋಗಿ, ಪರವಾಗಿಲ್ಲ. ಬೀಗ ಮಾತ್ರ ಹಾಕಬೇಡಿ. ಇವರೆಲ್ಲ ಮತ್ತೆ ಗಂಡನ ಮುಂದೆ ಕೈ ಚಾಚಬೇಕಾಗುತ್ತೆ."

"ನಿಮ್ಮ ಮೇಲೆ ಹಲ್ಲು ಮಸೆಯೋರು ಯಾರಿದ್ದಾರೆ?"

"ಏಜೆಂಟು!" ಎಂದರು ಹೆಂಗಸರು ಒಕ್ಕೊರಲಿನಲ್ಲಿ.

ಕಥೆ ಇಷ್ಟೇ. ಇಷ್ಟು ವರ್ಷ ಸೋಪು ಇವರದು, ಸುತ್ತುವ ಕಾಗದದ ಮೇಲಿನ ಹೆಸರು ಮಾರಿಕೊಡುವ ಏಜೆಂಟನದು. ಹೋದ ವಾರ ಎಡಚಿ ಅವನನ್ನು ಬಿಟ್ಟು, ತನ್ನ ಹೆಸರಲ್ಲೇ ಲೈಸೆನ್ಸ್ ಮಾಡಿಸಿ, ಹೊಸ ಕಾಗದ ಅಚ್ಚು ಹಾಕಿಸಿದ್ದಳು. ಕೆಳಗೆ ದಪ್ಪಕ್ಷರದಲ್ಲಿ 'ಒಡತಿ' ಎಂದು ಬರೆಸಿ ಪಕ್ಕದಲ್ಲಿ ತನ್ನ ಹೆಸರು ಹಾಕಿಸಿದ್ದಳು. ಏಜೆಂಟ್ ಶೆಡ್ಡಿನ ಬಾಗಿಲಲ್ಲಿ ನಿಂತು, "ನಿಮ್ಮನ್ನ ಬೀದಿಗೆ ತರ್ತೀನಿ" ಎಂದು ಕೂಗಿ ಹೋಗಿದ್ದ.

"ಪೆಟ್ಟಿಗೆ ರಾತ್ರಿ ಎಲ್ಲಿತ್ತು?"

"ಮನೆ ನಡುಮನೆಯಲ್ಲಿ. ಬೆಳಿಗ್ಗೆ ರಿಕ್ಷಾದವನು ಬಂದು ನೇರ ಹಾಸ್ಟೆಲ್ಲಿಗೆ ಹಾಕಿದ. ಹೊಸ ಕಾಗದವೂ ಅಲ್ಲೇ ಕಪಾಟಿನಲ್ಲಿ ಇರುತ್ತೆ. ಇಲ್ಲಿ ಹಬೆಗೆ ಒದ್ದೆಯಾಗುತ್ತೆ."

"ಮನೆಯಲ್ಲಿ ಯಾರ್ಯಾರು?"

"ನಾನು, ನಮ್ಮ ಭಾವ, ನಮ್ಮ ಓರಗಿತ್ತಿ."

ಮಾತಾಡುತ್ತಲೇ ಒಬ್ಬ ಹೆಂಗಸು ಕೈ ಸುಮ್ಮನಿರದೆ ಸೋಪು ಸುತ್ತತೊಡಗಿದ್ದಳು. ಇನ್ಸ್‌ಪೆಕ್ಟರ್ ಅವಳ ಬೆರಳುಗಳನ್ನೇ ನೋಡಿದಳು. ತಾನೂ ಒಂದನ್ನು ಸುತ್ತಿ ನೋಡಿದಳು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತಿರುಗಿಸಿ ತಿರುಗಿಸಿ ನೋಡಿದಳು.

"ಸುತ್ತೋ ಕೆಲಸ ಯಾರ್ಯಾರು ಮಾಡ್ತೀರಿ?"

"ನಾವಷ್ಟೇ," ಎಂದಳು ಎಡಚಿ. ತುಸು ತಡವಾಗಿ ಎಂದಳು. ಸೋಪು ಸುತ್ತುತ್ತಿದ್ದವಳು ತಲೆ ತಗ್ಗಿಸಿದಳು.

* * *

ಏಜೆಂಟನ ಅಂಗಡಿಯಲ್ಲಿ ಅವನ ಸಂತೋಷ ಮುಖದಲ್ಲೇ ಸೋರುತ್ತಿತ್ತು.

"ನಾನು ಹೇಳಿರಲಿಲ್ವಾ ಮೇಡಂ? ಹೆಂಗಸರಿಗೆ ವ್ಯಾಪಾರ ಅಂದ್ರೆ ಆಟ. ಅನುಭವಿಸಲಿ."

"ನೀವೇ ಮಾಡಿಸಿದ್ದಂತೆ?"

ಸಂತೋಷ ತಟ್ಟನೆ ಬತ್ತಿತು. "ನಾನಾ? ಅಯ್ಯೋ! ಬಾಯಿಗೆ ಬಂದ ಹಾಗೆ ಬೈದದ್ದು ನಿಜ. ಆದ್ರೆ ಮಕ್ಕಳ ಮೈ ಸುಡೋನಲ್ಲ ಮೇಡಂ. ಅವಳ ಹೊಸ ಕಾಗದವನ್ನ ನಾನು ಕಣ್ಣಲ್ಲೂ ನೋಡಿಲ್ಲ. ಬೇಕಾದ್ರೆ ಗೋದಾಮು ಜಾಲಾಡಿ."

ಜಾಲಾಡಿದರು. ಹಳೆ ಕಾಗದದ ಕಟ್ಟುಗಳಿದ್ದವು. ಹೊಸದು ಒಂದು ಚೂರೂ ಇರಲಿಲ್ಲ.

"ರಿಕ್ಷಾದವನಿಗೆ ದುಡ್ಡು ಕೊಟ್ಟು ದಾರೀಲಿ ಬದಲಾಯಿಸಿದ್ರೆ?" ಎಂದ ದಫೇದಾರ, ಹೊರಗೆ ಬಂದ ಮೇಲೆ.

"ಬದಲಾಯಿಸೋಕೆ ಕೆಟ್ಟ ಸೋಪು ಮೊದಲೇ ತಯಾರಿರಬೇಕು. ಅದಕ್ಕೆ ಹೊಸ ಕಾಗದ ಸುತ್ತಿರಬೇಕು. ಆ ಕಾಗದ ಇರೋದು ಒಂದೇ ಕಪಾಟಲ್ಲಿ. ನಡೀರಿ."

* * *

ಮನೆಯ ಹಿಂಬದಿಯ ತೊಳೆಯುವ ಕಲ್ಲಿನ ಬಳಿ ಓರಗಿತ್ತಿ ಪಾತ್ರೆ ಉಜ್ಜುತ್ತಿದ್ದಳು. ದನಿಯೇ ಇಲ್ಲದ ಹೆಂಗಸು. ಗಂಡ ಕೂತರೆ ನಿಲ್ಲುವವಳು, ನಿಂತರೆ ಬಾಗುವವಳು. ಇನ್ಸ್‌ಪೆಕ್ಟರ್ ಕುಡಿಯಲು ನೀರು ಕೇಳಿದಳು. ಕೊಟ್ಟು ಬಂದು ಅವಳು ಮತ್ತೆ ಅದೇ ಪಾತ್ರೆ ಹಿಡಿದಳು. ದೊಡ್ಡ ಅಲ್ಯೂಮಿನಿಯಂ ಪಾತ್ರೆ. ಒಳಗೆಲ್ಲ ಕಪ್ಪು. ಸಿಡುಬು ಬಂದ ಮುಖದಂತೆ ಗುಳಿ ಗುಳಿ.

"ಏನಾಯ್ತಮ್ಮ ಇದಕ್ಕೆ?"

"ಗೊತ್ತಿಲ್ಲ ಮೇಡಂ. ಮೊನ್ನೆ ಇವರು ಕಾಲುನೋವಿಗೆ ಅಂತ ತಾವೇ ನೀರು ಕಾಯಿಸ್ಕೊಂಡ್ರು. ಎಷ್ಟು ಉಜ್ಜಿದ್ರೂ ಕಪ್ಪು ಹೋಗ್ತಿಲ್ಲ."

ಇನ್ಸ್‌ಪೆಕ್ಟರ್ ಕಣ್ಣಲ್ಲೇ ಸನ್ನೆ ಮಾಡಿದಳು. ದಫೇದಾರ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡ.

ನಡುಮನೆಯಲ್ಲಿ ಭಾಷಣ ನಡೆಯುತ್ತಿತ್ತು. ಕೇರಿಯ ಜನ ಸೇರಿದ್ದರು. ವಾರ್ಡನ್ ಬಂದಿದ್ದಳು. ಮೂಲೆಯಲ್ಲಿ ಎಡಚಿ ಅಪರಾಧಿಯ ಹಾಗೆ ನಿಂತಿದ್ದಳು. ಮಧ್ಯದಲ್ಲಿ ಇಸ್ತ್ರಿ ಮುರಿಯದ ಬಿಳಿ ಅಂಗಿಯ ಭಾವ. ಊರಲ್ಲಿ ಎಲ್ಲಿ ಮಹಿಳೆಯರ ಸಭೆ ಇದ್ದರೂ ಮೈಕು ಹಿಡಿಯುವ ಗಂಡಸು ಈತನೇ. ಶೆಡ್ಡಿನ ಹೆಂಗಸರು ಇವನಿಗೆ ಭಾಷಣದ ಭಾವ ಎಂದು ಹೆಸರಿಟ್ಟಿದ್ದರು.

"ಹೆಣ್ಣುಮಕ್ಕಳ ಏಳಿಗೆ ಅಂದ್ರೆ ನನಗೆ ಪ್ರಾಣ," ಎನ್ನುತ್ತಿದ್ದ. "ಆದ್ರೆ ಏಳಿಗೆಗೂ ಒಂದು ಲಗಾಮು ಬೇಕು. ಒಡತಿ ಅಂತ ಹಾಕಿಸ್ಬೇಡ, ಗಂಡಸಿನ ಹೆಸರಿರಲಿ ಅಂತ ಬಡ್ಕೊಂಡೆ. ಕೇಳಲಿಲ್ಲ. ಆಗಿದ್ದು ಆಗಿಹೋಯ್ತು. ಇನ್ಮೇಲೆ ಶೆಡ್ಡು ನನ್ನ ಹೆಸರಲ್ಲಿ ನಡೆಯುತ್ತೆ. ಇವಳು ನನ್ನ ಕೈಕೆಳಗೆ ಇರ್ತಾಳೆ. ಮಕ್ಕಳ ಆಸ್ಪತ್ರೆ ಖರ್ಚು ನನ್ನದು."

ಜನ ತಲೆದೂಗಿದರು. ವಾರ್ಡನ್ ಕಣ್ಣೊರೆಸಿಕೊಂಡಳು.

"ಸೋಪು ಮಾಡೋಕೆ ಬರುತ್ತಾ ನಿಮಗೆ?" ಬಾಗಿಲಿನಿಂದ ಇನ್ಸ್‌ಪೆಕ್ಟರ್ ಕೇಳಿದಳು.

"ಅದರಲ್ಲೇನಿದೆ ಮೇಡಂ? ಎಣ್ಣೆ, ಸೋಡಾ, ನೀರು. ಇವರು ಹರಟೆ ಹೊಡೀತಾ ಮಾಡ್ತಾರೆ."

ಅವಳು ಒಂದು ಸೋಪು, ಒಂದು ಕಾಗದ ಮುಂದಿಟ್ಟಳು. "ಇದನ್ನೊಂದು ಸುತ್ತಿ ಕೊಡಿ ನೋಡೋಣ."

ಭಾವ ನಗುತ್ತಾ ಕಾಗದ ಹರವಿ, ಸೋಪು ಇಟ್ಟು, ಸುತ್ತಿ ಕೊಟ್ಟ. ಇನ್ಸ್‌ಪೆಕ್ಟರ್ ಅದರ ಪಕ್ಕದಲ್ಲಿ ಹಾಸ್ಟೆಲ್ಲಿನಿಂದ ತಂದ, ಬಿಚ್ಚದ ಎರಡು ಸೋಪುಗಳನ್ನಿಟ್ಟಳು. ಒಂದು ಮೇಲಿನ ಸಾಲಿನದು, ಒಂದು ಕೆಳಗಿನದು.

"ಎಲ್ಲರೂ ನೋಡಿ. ಕೆಳಗಿನ ಸಾಲಿನದು ಶೆಡ್ಡಿನ ಸೋಪು. ಕೊನೆಯ ಮಡಿಕೆ ಎಡಗಡೆಯಿಂದ ಬಂದು ಬಲಕ್ಕೆ ಕೂತಿದೆ. ಶೆಡ್ಡಿನ ಹೆಂಗಸರೆಲ್ಲ ಹೀಗೇ ಮಡಿಚ್ತಾರೆ. ಯಾಕೆ? ಅವರಿಗೆ ಕಲಿಸಿದವಳು ಎಡಗೈಯವಳು. ಅವಳ ಕೈ ನೋಡಿ ಕಲಿತರು, ಕೈ ಹಾಗೇ ಕೂತುಬಿಟ್ಟಿದೆ. ಮಕ್ಕಳನ್ನ ಸುಟ್ಟ ಸೋಪು ನೋಡಿ. ಮಡಿಕೆ ಬಲದಿಂದ ಎಡಕ್ಕೆ. ಈಗ ಇವರು ಸುತ್ತಿದ್ದು ನೋಡಿ. ಅದೂ ಬಲದಿಂದ ಎಡಕ್ಕೆ."

ಭಾವ ಜೋರಾಗಿ ನಕ್ಕ. "ಊರಲ್ಲಿ ಮುಕ್ಕಾಲು ಜನ ಹೀಗೇ ಮಡಿಚೋದು ಮೇಡಂ. ನೀವೂ ಹೀಗೇ ಮಡಿಚ್ತೀರಿ."

"ಹೌದು. ಆದ್ರೆ ನಾನು ನಿನ್ನೆ ರಾತ್ರಿ ಅಗಣಿ ಹಾಕಿದ ಈ ಮನೆಯೊಳಗೆ ಇರಲಿಲ್ಲ. ಪೆಟ್ಟಿಗೆ, ಹೊಸ ಕಾಗದ, ಎರಡೂ ಇಲ್ಲಿದ್ವು. ಜತೆಗೆ ಇದ್ದವರು ಮೂರೇ ಜನ."

"ಹಾಗಾದ್ರೆ ಅವಳೇ ಬೇಕಂತ ತಿರುಗಿಸಿ ಮಡಿಚಿರಬಹುದು!"

"ದಫೇದಾರ್ರೇ."

ದಫೇದಾರ ಬಟ್ಟೆ ಬಿಚ್ಚಿದ. ಕಪ್ಪಾದ ಪಾತ್ರೆ ನಡುಮನೆಯ ನೆಲದಲ್ಲಿ ಕೂತಿತು.

"ಹಿತ್ತಲ ಶೆಡ್ಡಿಂದ ಎತ್ತಿ ತಂದ ಒಳ್ಳೆ ಸೋಪನ್ನ ಕರಗಿಸಿ, ಸೋಡಾ ಸುರಿದದ್ದು ಇದರಲ್ಲಿ; ಅಚ್ಚಿಗೆ ಹಾಕಿ ಗಟ್ಟಿಯಾದ ಮೇಲೆ ಪೆಟ್ಟಿಗೆಯ ಮೇಲಿನ ಸಾಲಿಗೆ ಸೇರಿಸಿದ್ದು ನಿನ್ನೆ ರಾತ್ರಿ. ಸೋಡಾ ಪಾತ್ರೆಯನ್ನೇ ತಿಂದಿದೆ. ಸೋಪಿಗೆ ಬೂದಿ ಬಣ್ಣ ಬಂದದ್ದೂ ಅದರಿಂದಲೇ. ನಮ್ಮ ದಫೇದಾರರ ಊಟದ ಡಬ್ಬಿಯನ್ನೇ ಒಳಗೆ ಬಿಡದ ಹೆಂಗಸು ಇದರಲ್ಲಿ ಸೋಪು ಕಾಯಿಸ್ತಾಳಾ? ಇದು ಸೋಪಿನ ಕೆಲಸ ಗೊತ್ತಿಲ್ಲದವರ ಕೈ. ಅದರಲ್ಲೇನಿದೆ ಅಂತ ತಿಳ್ಕೊಂಡವರ ಕೈ."

ಭಾವನ ಕಣ್ಣು ಆ ಕಡೆ ಈ ಕಡೆ ಓಡಿತು. ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತಿತು.

ಆಗ ಆ ಮನುಷ್ಯ ಮಾಡಿದ್ದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ. ಅವನು ಕೈಯೆತ್ತಿ ಸ್ವಂತ ಹೆಂಡತಿಯನ್ನು ತೋರಿಸಿದ.

"ಪಾತ್ರೆ ಅವಳದು! ಅಡುಗೆಮನೆ ಅವಳದು! ಹೆಂಗಸರ ಹೊಟ್ಟೆಕಿಚ್ಚು ನಿಮಗೆ ಗೊತ್ತಿಲ್ವಾ? ಓರಗಿತ್ತಿ ಮೇಲೆ ಬಂದಳು ಅಂತ ಇವಳೇ ಮಾಡಿದ್ದಾಳೆ. ಕೇಳಿ ಅವಳನ್ನ!"

ಓರಗಿತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಬನ್ನಿಯಮ್ಮ," ಎಂದಳು ಇನ್ಸ್‌ಪೆಕ್ಟರ್ ಮೆಲ್ಲಗೆ. "ನೀವೂ ಒಂದು ಸುತ್ತಿ."

"ಅಕ್ಕಾ, ಬೇಡ!" ಎಡಚಿಯ ಬಾಯಿಂದ ಬಂದೇಬಿಟ್ಟಿತು.

ಓರಗಿತ್ತಿ ಗಂಡನ ಮುಖ ನೋಡಿದಳು. ಆಮೇಲೆ ಪಾತ್ರೆ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು ಬಂದು ಕುಳಿತಳು. ಕಾಗದ, ಸೋಪು, ಸರಕ್, ಸರಕ್. ಮುಗಿಯಿತು. ನೂರಾರು ಬಾರಿ ಮಾಡಿದವರ ಕೈ. ಕೊನೆಯ ಮಡಿಕೆ ಎಡದಿಂದ ಬಲಕ್ಕೆ.

"ಏನಿದು?" ಭಾವನ ದನಿ ಸೀಳಿತು. "ನಿನಗೆ ಹೇಗೆ ಬರುತ್ತೆ ಇದು?"

"ನೀವು ಮಧ್ಯಾಹ್ನ ಮಲಗಿದಾಗ ಶೆಡ್ಡಿಗೆ ಹೋಗ್ತೀನಿ. ಎರಡು ವರ್ಷದಿಂದ. ಎಲ್ಲರ ಹಾಗೆ ನನಗೂ ಕೂಲಿ ಕೊಡ್ತಾಳೆ."

"ನನಗೆ ಹೇಳದೆ!"

"ಹೇಳಿದ್ರೆ ಬಿಡ್ತಿದ್ರಾ?"

ಊರಿನ ಮೈಕುಗಳ ಸರದಾರ ಅವಳು ಸುತ್ತಿದ ಸೋಪನ್ನು ಪಕ್ಕಕ್ಕೆ ತಳ್ಳಿದ.

"ಇಬ್ಬರ ಮಡಿಕೆ ಎಡದಿಂದ. ಉಳಿದವರು ನೀವೊಬ್ಬರೇ," ಎಂದಳು ಇನ್ಸ್‌ಪೆಕ್ಟರ್. "ಕಾಗದದ ಮೇಲೆ ಅವಳ ಹೆಸರು ಬಂದದ್ದು ನಿಮಗೆ ತಡೆಯಲಾಗಲಿಲ್ಲ. ಅವಳ ಹೆಸರು ಕೆಡಬೇಕು, ಶೆಡ್ಡು ನಿಮ್ಮ ಕೈಗೆ ಬರಬೇಕು. ಅದಕ್ಕೆ ಮಕ್ಕಳ ಕೈ ಬೇಕಾಯ್ತು."

"ಸ್ವಲ್ಪ ಉರಿಯುತ್ತೆ, ದೂರು ಬರುತ್ತೆ, ಅಷ್ಟೇ ಅಂದ್ಕೊಂಡೆ," ಭಾವ ಕುಸಿದು ಕುಳಿತ. "ಕಣ್ಣಿಗೆ ಹೋಗುತ್ತೆ ಅಂತ ನನಗೇನು ಗೊತ್ತು? ನೋಡಮ್ಮಾ, ಮನೆ ಮರ್ಯಾದೆ ವಿಷಯ. ಕೇಸು ಬೇಡ ಅಂತ ಹೇಳು. ನಾನು ನಿನ್ನ ಭಾವ ಅಲ್ವಾ?"

ಎಡಚಿ ಮೂಲೆಯಿಂದ ಬಂದಳು. ಬೂದಿ ಬಣ್ಣದ ಸೋಪಿನ ಕಾಗದ ಬಿಚ್ಚಿ ಎತ್ತಿಕೊಂಡಳು. ಚೊಂಬಿನ ನೀರಲ್ಲಿ ಅದ್ದಿದಳು. ಅವಳ ಬೆರಳು ಸುಡುತ್ತಿತ್ತು. ಬಿಡಲಿಲ್ಲ. ಅವನ ಮುಖದ ಮುಂದೆ ಹಿಡಿದಳು.

"ಸ್ವಲ್ಪ ಉರಿಯುತ್ತೆ ಅಷ್ಟೇ, ಭಾವ. ತಗೊಳ್ಳಿ. ಮುಖ ತೊಳ್ಕೊಳ್ಳಿ."

ಅವನು ಕುಳಿತಲ್ಲೇ ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟ. ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡ. ತಲೆದೂಗಿದ್ದ ಜನ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು. ವಾರ್ಡನ್ ಮಾತ್ರ ಹೋಗಲಿಲ್ಲ. ಬಂದು ಎಡಚಿಯ ಕೈಯಿಂದ ಸೋಪು ಕಿತ್ತು ಎಸೆದು, ಆ ಬೆರಳುಗಳ ಮೇಲೆ ನೀರು ಹೊಯ್ದಳು.

ದಫೇದಾರ ಹೇಳಿಕೆ ಬರೆದುಕೊಳ್ಳಲು ಓರಗಿತ್ತಿಯ ಎದುರು ಕುಳಿತ. ಪೆನ್ನು ಕೊಡವಿದ.

"ಉದ್ಯೋಗ... ಏನೂ ಇಲ್ಲ, ಮನೆಯಲ್ಲೇ ಇರ್ತಾರೆ ಅಂತ ಬರೀಲಾ ಅಮ್ಮ?"

ಗೋಡೆಯ ಬಳಿಯಿಂದ ಗಂಡ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ. ಅವಳು ಅವನ ಕಡೆ ತಿರುಗಲಿಲ್ಲ.

"ಬೇಡ," ಎಂದಳು. "ಸೋಪಿನ ಕೆಲಸ ಅಂತ ಬರೀರಿ."