ಮೂವತ್ತೊಂದನೆಯ ಗಂಟು

ಹತ್ತೊಂಬತ್ತನೆಯ ಗಂಟು ನೀರಿಗಿಳಿದಾಗ ಕೇಶಾ, "ಹೋಯ್ತು" ಎಂದ. ನಾನು ಬರೆಯಲಿಲ್ಲ. ಬಿಳಿ ಬಿಲ್ಲೆ ನನಗಿನ್ನೂ ಕಾಣುತ್ತಿತ್ತು.

ಬೈಕಾಲ್ ಸರೋವರದ ತಿಳಿಯನ್ನು ನಾವು ಹತ್ತು ದಿನಕ್ಕೊಮ್ಮೆ ಅಳೆಯುತ್ತೇವೆ. ನಡುಹಗಲು, ದೋಣಿಯ ನೆರಳಿನ ಬದಿಯಲ್ಲಿ, ಊಟದ ತಟ್ಟೆಯಗಲದ ಬಿಲ್ಲೆಗೆ ಹಗ್ಗ ಕಟ್ಟಿ ಇಳಿಸುತ್ತೇವೆ. ಮೀಟರಿಗೊಂದು ಗಂಟು. ಬಿಲ್ಲೆ ಮರೆಯಾದ ಗಂಟು, ಎತ್ತುವಾಗ ಮತ್ತೆ ಕಂಡ ಗಂಟು, ಎರಡರ ಸರಾಸರಿ. ನಾಲ್ಕು ವರ್ಷದಿಂದ ನೋಡುವವನು ಕೇಶಾ, ಬರೆಯುವವಳು ನಾನು. ಆವತ್ತು ನಾನು ಬಗ್ಗಿದ್ದು ಬಿಲ್ಲೆ ನೋಡಲಿಕ್ಕಲ್ಲ. ನೀರಿನಲ್ಲಿ ಅವನ ಮುಖ ಬಿದ್ದಿತ್ತು. ನೇರವಾಗಿ ನೋಡಿದರೆ ಕಿಚಾಯಿಸುತ್ತಾನೆ.

"ಬರ್ಕೋ ದಾರಿಮಾ, ಹತ್ತೊಂಬತ್ತು. ನನ್ನ ಮೂಗು ಆಮೇಲೆ ನೋಡುವಿಯಂತೆ."

"ಇನ್ನೊಕೆಂತಿ ಸೆರ್ಗೇಯೆವಿಚ್, ತಮಾಷೆ ಸಾಕು. ಇಳಿಸಿ."

ಕೋಪ ಬಂದಾಗ ಮಾತ್ರ ನಾನು ಕೇಶಾನನ್ನು ಪೂರ್ತಿ ಹೆಸರು ಹಿಡಿದು ಬಹುವಚನದಲ್ಲಿ ಕರೆಯುವುದು. ಅವನ ನಗು ನಿಂತಿತು. ಹಗ್ಗ ಇಳಿಯಿತು. ಬಿಲ್ಲೆ ಹಸಿರಾಯಿತು, ಕಾಸಿನಷ್ಟಾಯಿತು, ಮೂವತ್ತೊಂದನೆಯ ಗಂಟಿಗೆ ಇಲ್ಲವಾಯಿತು.

ದೂರದಲ್ಲೊಂದು ನೆರ್ಪಾ, ನಮ್ಮ ಸಿಹಿನೀರಿನ ಸೀಲ್, ಬೋಳುತಲೆ ಎತ್ತಿ ನೋಡಿ ಮುಳುಗಿತು. ನೆರ್ಪಾ ಕಂಡರೆ "ನಿನ್ನ ಚಿಕ್ಕಪ್ಪ ಬಂದ ನೋಡು" ಎನ್ನದೆ ಬಿಡದವನು, ಆ ಕಡೆ ತಿರುಗಲೂ ಇಲ್ಲ.

"ಯಾವಾಗಿಂದ, ಕೇಶಾ?"

"ಹೋದ ವರ್ಷದ ಹಿಂದಿನ ವರ್ಷ, ಅಕ್ಟೋಬರಿನಿಂದ. ಗ್ಲಾಕೋಮಾ ಅಂತೆ. ಹೋಗಿರೋ ದೃಷ್ಟಿ ವಾಪಸ್ ಬರಲ್ಲ ಅಂದ್ರು ಡಾಕ್ಟರು."

"ನಿನ್ನ ಅಂಕಿ ನಂಬಿ ನಾನು ವರದಿ ಬರೆದೆನಲ್ಲೋ! ಕೊಳಚೆಯಿಂದ ದಡದಲ್ಲಿ ಪಾಚಿ ಬೆಳೆದಿದೆ, ನಡುನೀರೂ ಕದಡಿದೆ ಅಂತ!"

"ದಡದ ಪಾಚಿ ನಿಜ. ನಡುನೀರಿನ ಕದಡು ನನ್ನ ಕಣ್ಣಿಂದು."

"ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ದೋಣಿ ಹತ್ತಿಸ್ತಿದ್ರಾ?" ಅವನು ಹಗ್ಗ ಸುತ್ತತೊಡಗಿದ. "ದಡದಲ್ಲಿ ನೀನು ನನ್ನ ಜೊತೆ ಎರಡು ಮಾತು ಆಡಲ್ಲ. ಇಲ್ಲಿ ಮೂರು ಗಂಟೆ ಎದುರಿಗೆ ಕೂತಿರ್ತೀಯ. ಅದಕ್ಕೇ."

ನಾನು ದಡದಲ್ಲಿ ಮಾತಾಡದಿದ್ದದ್ದೂ ಅದಕ್ಕೇ, ಮಾತಾಡಿದರೆ ನನ್ನ ಮನಸ್ಸು ಊರಿಗೇ ಗೊತ್ತಾದೀತೆಂದು. ಹತ್ತೊಂಬತ್ತು ಬರೆಯಲೋ ಬೇಡವೋ ಎಂದು ಪೆನ್ಸಿಲ್ ಖಾಲಿ ಸಾಲಿನ ಮೇಲೆ ತೂಗುತ್ತಿತ್ತು. ಆ ಅಂಕಿ ಬರೆದರೆ ಅವನು ಇನ್ನೊಂದು ಬೇಸಿಗೆ ನನ್ನೆದುರು ಕೂತಿರುತ್ತಾನೆ. ಗೊತ್ತಿರುವುದು ನಮ್ಮಿಬ್ಬರಿಗೆ ಮಾತ್ರ.

"ಮೂವತ್ತೊಂದು ಬರಿ," ಎಂದ, ನನ್ನ ಕೈ ಕಂಡವನಂತೆ. "ಸರೋವರದ ಮೇಲೆ ಸುಳ್ಳು ಹೊರಿಸಿದ್ದು ಸಾಕು."

ನಮ್ಮ ದಾಖಲೆ ಪುಸ್ತಕಕ್ಕೆ ರಬ್ಬರ್ ಮುಟ್ಟಿಸುವಂತಿಲ್ಲ. ತಪ್ಪಿಗೆ ಒಂದೇ ಗೆರೆ, ಕೆಳಗಿನ ಅಂಕಿ ಓದಲು ಬರಬೇಕು, ಪಕ್ಕದಲ್ಲಿ ಸಹಿ. ಸಂಜೆ ಅವನ ಅಡುಗೆಮನೆಯಲ್ಲಿ ಚಹಾ ಆರುತ್ತಿತ್ತು. ಅವನ ತಪ್ಪು ಅಂಕಿಗಳ ಮೇಲೆ ನಲವತ್ತೆಂಟು ಗೆರೆ ಎಳೆದೆ. ಸಹಿಯ ಜಾಗಕ್ಕೆ ಅವನ ಬೆರಳನ್ನು ನಾನೇ ಒಯ್ದೆ.

"ಇದ್ಯಾವುದು?"

"ಮಾರ್ಚ್ ಹನ್ನೆರಡು. ಹದಿನಾಲ್ಕು ಮೀಟರ್."

"ಮಂಜುಗಡ್ಡೆ ಕಿಂಡಿಯೊಳಗೆ ನಿನ್ನ ಕೈಗವಸು ಬಿತ್ತು. ನನ್ನದು ನೀನು ಹಾಕ್ಕೊಂಡೆ, ವಾಪಸ್ ಕೊಡಲೇ ಇಲ್ಲ."

"ಮುಂದಿನದು ಹದಿನೇಳು."

"ಆವತ್ತು ನೀನು ಹಾಡ್ತಿದ್ದೆ. ಕೆಟ್ಟದಾಗಿ."

ಅಂಕಿ ಒಂದೂ ಸರಿಯಿರಲಿಲ್ಲ. ದಿನ ಒಂದೂ ತಪ್ಪಿರಲಿಲ್ಲ.

ವಿಷಯ ತಿಳಿದ ನಮ್ಮ ಕೇಂದ್ರದ ಮುಖ್ಯಸ್ಥರು ಅವನು ಒಂದೇ ಒಂದು ಕೊನೆಯ ಸಲ ದೋಣಿ ಹತ್ತಲು ಒಪ್ಪಿದರು. ಗುರುವಾರದ ಹಡಗು ಹಿಡಿದು ಅವನು ದೂರದ ಪಟ್ಟಣ ಅಂಗಾರ್ಸ್ಕ್‌ನ ಅಕ್ಕನ ಮನೆಗೆ ಹೋಗುವುದು ಗಟ್ಟಿಯಾಗಿತ್ತು.

ದೋಣಿ ಹೊರಡುವ ಮುನ್ನ ನಮ್ಮ ಬುರ್ಯಾತ ಜನರ ಕ್ರಮದಂತೆ ಉಂಗುರದ ಬೆರಳನ್ನು ಹಾಲಿಗದ್ದಿ ಸರೋವರಕ್ಕೆ ಚಿಮುಕಿಸಿದ. "ಈ ಬೆರಳಿಗೆ ನಲವತ್ತಾರು ವರ್ಷದಿಂದ ಇದೊಂದೇ ಕೆಲಸ," ಎಂದ. ಮದುವೆಯುಂಗುರ ತೊಡದವನ ಹಳೆಯ ಜೋಕು. ನನಗೆ ನಗು ಬರಲಿಲ್ಲ.

ಈ ಸಲ ನೋಡುವವಳು ನಾನು. ಗಂಟುಗಳನ್ನು ಎಣಿಸಲು ಅವನಿಗೆ ಬೆರಳು ಸಾಕಿತ್ತು.

"ಇಪ್ಪತ್ತೈದು. ಹೋಯ್ತಾ?"

"ಇಲ್ಲ."

"ಇಪ್ಪತ್ತೆಂಟು?"

"ಇಲ್ಲ."

ಹಗ್ಗ ಮುಗಿಯದಿರಲಿ ಅನ್ನಿಸಿತು. ಇಪ್ಪತ್ತೊಂಬತ್ತಕ್ಕೆ ನೀರು ನೀರಷ್ಟೇ ಆಯಿತು. "ಹೋಯ್ತು," ಎಂದೆ. ಅವನ ಮಾತನ್ನು ಅವನಿಗೇ ಹೇಳಬೇಕಾಗಿ ಬಂತು.

ಅವನು ಎತ್ತಲಿಲ್ಲ. ಹಗ್ಗವನ್ನು ಹಾಗೇ ಹಿಡಿದು, "ಅಂಗಾರ್ಸ್ಕ್‌ಗೆ ಬರಬೇಡ, ದಾರಿಮಾ. ಕುರುಡನ ಕೈ ಹಿಡ್ಕೊಂಡು ಓಡಾಡೋಕೆ ನೀನೇನು ನರ್ಸಾ?" ಎಂದ.

"ಪ್ರತಿ ಸಲ ಅಳತೆ ಮುಗಿಸಿ, ಪುಸ್ತಕ ತಗೊಂಡು ಬರ್ತೀನಿ. ಓದಿ ಹೇಳ್ತೀನಿ. ಆ ಬೆರಳಿಗೂ ಒಂದು ಕೆಲಸ ಕೊಡ್ತೀನಿ. ಈಗ ಎತ್ತು. ಅರ್ಧ ಅಳತೆ ಬಾಕಿ ಇದೆ."

ಅವನು ಮೆಲ್ಲಗೆ ಎಳೆಯತೊಡಗಿದ. ಒಂದು ಗಂಟು. ಇನ್ನೊಂದು. ಕಪ್ಪು ಹಸಿರಿನಲ್ಲಿ ಏನೋ ಮಸುಕಾಗಿ ಬೆಳಗಿತು.

"ಕಾಣಿಸ್ತು," ಎಂದೆ.