ಪೇಟೆ ಚೌಕದ ಮಾಸ್ತಿಗಲ್ಲು

2025ರ ನವೆಂಬರ್ 24, ಸೋಮವಾರ. ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಕೊಳ್ಳೇಗಾಲದ ಠಾಣೆಗೆ ಬಂದ ದೂರು ಒಂದು ಕಲ್ಲಿನದು. ಇನ್ಸ್‌ಪೆಕ್ಟರ್ ರಂಗರಾಜು ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಕುರಿ ಹುಡುಕಿದ್ದರು, ಪಂಪ್‌ಸೆಟ್ ಹುಡುಕಿದ್ದರು, ಕುಂತೂರಿನಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರನ್ನೇ ಹುಡುಕಿದ್ದರು. ಕಲ್ಲು ಮಾತ್ರ ಇದೇ ಮೊದಲು. ಎರಡು ದಿನ ಬಂದೋಬಸ್ತಿಗೆ ನಿಂತು ಮಂಡಿ ಊದಿದ್ದ ಅವರಿಗೆ ನಗುವಷ್ಟು ತ್ರಾಣವೂ ಇರಲಿಲ್ಲ.

ದೂರು ಕೊಟ್ಟವಳು ಇಂಚರ. ಪ್ರತಿ ಭಾನುವಾರ ಇಪ್ಪತ್ತು ಮೂವತ್ತು ಜನರನ್ನು ಕಟ್ಟಿಕೊಂಡು ಹಳೇ ಪೇಟೆ ಚೌಕವನ್ನು ಕಾಲ್ನಡಿಗೆಯಲ್ಲಿ ತೋರಿಸುವ ಹುಡುಗಿ. ಸುಂಕದ ಕಟ್ಟೆ, ಕಲ್ಲುತೊಟ್ಟಿ, ಹದಿನಾರು ಕಂಬದ ಮಂಟಪ, ಕೊನೆಗೆ ಮಾಸ್ತಿಗಲ್ಲು. ಗಂಡನ ಚಿತೆಯೇರಿದ ಹೆಂಗಸಿನ ನೆನಪಿಗೆ ನೆಟ್ಟ, ಬಳೆ ತೊಟ್ಟ ಕೈ ಎತ್ತಿರುವ ಎರಡೂವರೆ ಅಡಿ ಕಲ್ಲು. ಚರಂಡಿ ಅಗೆಯುವವರು ಅದನ್ನು ಕಿತ್ತು ಗೋಡೆಗೆ ಒರಗಿಸಿ ಹೋಗಿದ್ದರು. ಭಾನುವಾರ ನೋಡಿದರೆ ಇಲ್ಲ.

ಚೌಕದಲ್ಲಿ ಇಸವಿ ಕೆತ್ತಿರುವುದು ಅದೊಂದರ ಮೇಲೆಯೇ. ಗುರುವಾರ ಪುರಾತತ್ವ ಇಲಾಖೆಯ ತಂಡ ಪರಿಶೀಲನೆಗೆ ಬರುತ್ತದೆ. ಕಲ್ಲಿಲ್ಲದಿದ್ದರೆ ಚೌಕ ಹಳೆಯದೆನ್ನಲು ಪುರಾವೆಯಿಲ್ಲ. ಮಂಟಪವೂ ಅದರ ಸುತ್ತಲಿನ ಹನ್ನೊಂದು ನೇಕಾರರ ಮನೆಗಳೂ ರಸ್ತೆ ಅಗಲೀಕರಣಕ್ಕೆ ಹೋಗುತ್ತವೆ. ಇಷ್ಟನ್ನೂ ಇಂಚರ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ರಂಗರಾಜು ಕಳವಿನ ಕಲಂ 303(2)ರಡಿ ಎಫ್‌ಐಆರ್ ಹಾಕಿಸಿದರು.

ಹೆಡ್ ಕಾನ್‌ಸ್ಟೇಬಲ್ ಪುಟ್ಟಮಾದಯ್ಯ ಹನೂರಿನ ಕಡೆಯವರು, ನಡೆಯುವುದೆಂದರೆ ಆಗದ ಆಸಾಮಿ. ಚರಂಡಿ ಗುಂಡಿಯಿಂದಾಗಿ ಚೌಕಕ್ಕೆ ಜೀಪು ಹೋಗುವಂತಿರಲಿಲ್ಲ. ಇಬ್ಬರೂ ಕುಂಟುತ್ತಾ ಹೊರಟರು. ಸುಂಕದ ಕಟ್ಟೆಯ ಮೇಲೆ ಕೂತ ಮುದುಕರು ಕಲ್ಲನ್ನು ಚರಂಡಿಯವರೇ ಒಯ್ದಿರಬೇಕೆಂದರು. ತೊಟ್ಟಿಯ ಬಳಿ ಹೂ ಮಾರುವ ಮಹಾದೇವಮ್ಮ, ಅಮಾವಾಸ್ಯೆ ದಿನ ಮಧ್ಯಾಹ್ನ ಕಲ್ಲಿಗೆ ತಾನೇ ಹೂ ಇಟ್ಟಿದ್ದಾಗಿಯೂ ಮಾರನೇ ಬೆಳಿಗ್ಗೆ ಅದು ಕಾಣಲಿಲ್ಲವೆಂದೂ ಹೇಳಿದಳು. ಅಮಾವಾಸ್ಯೆ ಎಂದರೆ ನವೆಂಬರ್ 20, ಗುರುವಾರ. ಅಂದು ಅರ್ಧ ಬೀದಿಯೇ ಮಾದಪ್ಪನ ಬೆಟ್ಟಕ್ಕೆ ಹೋಗಿತ್ತು. ಚರಂಡಿ ಕೆಲಸದವರು ಮಾರ್ಟಳ್ಳಿಯವರು, ಅವರು ಬುಧವಾರವೇ ಊರಿಗೆ ಹೋಗಿದ್ದು ಖಾತ್ರಿಯಾಯಿತು. ಹಳೇ ವಿಗ್ರಹ ಕೊಳ್ಳುವವನೊಬ್ಬ ಯಳಂದೂರಿನಲ್ಲಿದ್ದ. ಅವನೂ ಆಸ್ಪತ್ರೆಯಲ್ಲಿ ಮಲಗಿದ್ದ. ಸೋಮವಾರ ಹೀಗೆ ಬರಿಗೈಯಲ್ಲಿ ಮುಗಿಯಿತು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಮತ್ತೆ ಅದೇ ಸುತ್ತು. ಮಂಡಿ ನೋವು ತಡೆಯದೆ ರಂಗರಾಜು ಮಂಟಪದ ಮೆಟ್ಟಿಲ ಮೇಲೆ ಕುಕ್ಕರಿಸಿದರು. ಮದುವೆ ಕಾಲ, ರೇಷ್ಮೆ ಸೀರೆಗೆ ಗಿರಾಕಿ ಕಾಯುವ ಹೊತ್ತು. ಮನೆಮನೆಯಲ್ಲೂ ಮಗ್ಗ ಲಟಕ್ಕು ಪಟಕ್ಕು ಎನ್ನುತ್ತಿತ್ತು. ಕೆಲಸವಿಲ್ಲದ ಕಿವಿ ಎಣಿಸತೊಡಗಿತು. ಬಲಗಡೆಯ ಮನೆಗಳೆಲ್ಲ ಸದ್ದು ಮಾಡುತ್ತಿದ್ದವು. ಎಡಗಡೆಯ ಕೊನೆಯ ಮನೆ ಮಾತ್ರ ಸುಮ್ಮನಿತ್ತು. ಕಲ್ಲು ಒರಗಿದ್ದದ್ದು ಆ ಮನೆಯ ಗೋಡೆಗೇ.

ಮನೆ ದೇವಣ್ಣನದು. ಅರವತ್ತು ದಾಟಿದ ನೇಕಾರ, ಯಾರ ತಂಟೆಗೂ ಹೋಗದವನೆಂದು ಬೀದಿಯೇ ಹೇಳುತ್ತಿತ್ತು. ಮಗ್ಗ ನಿಂತು ಐದು ದಿನವಾಯಿತೆಂದು ಪಕ್ಕದ ಮನೆಯವರು ತಿಳಿಸಿದರು. ಹಾಸು ಮುಗಿದಿದೆ, ಹೊಸ ನೂಲು ಬಂದಿಲ್ಲ ಎಂದ ದೇವಣ್ಣ. ರಂಗರಾಜು ಒಳಗಿಣುಕಿದರು. ಮಗ್ಗದ ಮೇಲೆ ಹಸಿರು ನೂಲಿನ ಹಾಸು ತುಂಬ ಇತ್ತು, ಅರ್ಧ ನೇಯ್ದ ಸೆರಗು ಹಾಗೇ ನಿಂತಿತ್ತು. ನೇಕಾರ ಕಾಲು ಇಳಿಬಿಟ್ಟು ತುಳಿಯುವ ಗುಂಡಿಯ ಮೇಲೆ ಹಲಗೆ ಮುಚ್ಚಿ, ಅದರ ಮೇಲೊಂದು ಚಾಪೆ ಹಾಸಿತ್ತು.

“ಆ ಹಲಗೆ ತೆಗೀರಿ.”

ದೇವಣ್ಣ ಅಲ್ಲಾಡಲಿಲ್ಲ. ಪುಟ್ಟಮಾದಯ್ಯ ತೆಗೆದರು. ಗುಂಡಿಯೊಳಗೆ ಮಡಿ ಪಂಚೆ ಹೊದಿಸಿದ ಕಲ್ಲು ಅಂಗಾತ ಮಲಗಿತ್ತು. ಪಕ್ಕದಲ್ಲಿ ಅರಿಶಿನ, ಕುಂಕುಮ.

“ಗುಂಡೀಲಿ ಮಲಗಿಸ್ಬುಟ್ಟು ಮೇಲೆ ಕೂತ್ಕಂಡು ನೇಯ್ದಿದ್ರೆ ನಮ್ಮಪ್ಪನಾಣೆ ಗೊತ್ತಾಯ್ತಿರಲಿಲ್ಲ ಕಣಯ್ಯ,” ಎಂದರು ಪುಟ್ಟಮಾದಯ್ಯ.

“ಅವಳೂ ಒಬ್ಬರ ಮನೆ ಮಗಳು. ಮೇಲೆ ಕಾಲಿಕ್ಕಿ ಎಂಗ್ ತುಳೀಲಿ ಸಾ?” ಎಂದ ದೇವಣ್ಣ.

ಕಂಡಿಕೆಗೆ ನೂಲು ಸುತ್ತುತ್ತಿದ್ದ ಹೆಂಡತಿ ಶಿವನಂಜಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಮಂಡಿನೋವೆಂದು ಗಂಡ ಹೇಳಿದ್ದನ್ನು ನಂಬಿ ಅವಳು ಐದು ದಿನವೂ ಅವನ ಕಾಲಿಗೆ ಎಣ್ಣೆ ತಿಕ್ಕಿದ್ದಳು. ಮಧ್ಯಾಹ್ನ ಒಂದೂ ಹತ್ತಕ್ಕೆ ಇಬ್ಬರು ಪಂಚರ ಸಮ್ಮುಖ ಪಂಚನಾಮೆ ನಡೆಯಿತು. ಅಮಾವಾಸ್ಯೆಯ ಸಂಜೆ, ಹೆಂಡತಿ ಬೆಟ್ಟಕ್ಕೆ ಹೋಗಿದ್ದಾಗ, ಗೋಣಿಚೀಲದ ಮೇಲೆ ಹೊರಳಿಸಿ ಕಲ್ಲನ್ನು ಎಳೆದುಕೊಂಡೆನೆಂದು ದೇವಣ್ಣ ಒಪ್ಪಿಕೊಂಡ.

“ಕಲ್ಲು ಇಲ್ಲದಿದ್ರೆ ನಿಮ್ಮನೆಯೂ ಹೋಗ್ತಿತ್ತು. ಗೊತ್ತಿತ್ತಾ?” ರಂಗರಾಜು ಕೇಳಿದರು.

“ಗೊತ್ತಿತ್ತು ಸಾ. ಓದ್ರೆ ಓಗ್ಲಿ ಅಂತಿದ್ದೆ.”

“ಯಾಕೆ?”

ದೇವಣ್ಣ ಹೆಂಡತಿಯತ್ತ ನೋಡಿ ದನಿ ತಗ್ಗಿಸಿದ. ಅವರ ಒಬ್ಬಳೇ ಮಗಳು ಅಂಜನಾ ಎರಡು ವರ್ಷದ ಹಿಂದೆ ಗಂಡನ ಮನೆಯ ಅಡುಗೆಕೋಣೆಯಲ್ಲಿ ಸುಟ್ಟು ಸತ್ತಿದ್ದಳು. ಬೇರೆ ಜಿಲ್ಲೆಯ ಕೇಸು, ಆಕಸ್ಮಿಕವೆಂದು ಫೈಲು ಮುಚ್ಚಿತ್ತು.

“ಆ ಹುಡ್ಗಿ ಒಳ್ಳೇದೇ ಸಾ. ಆದ್ರೆ ವಾರವಾರ ನಮ್ಮ ಜಗಲಿ ಮುಂದೆ ನಿಂತ್ಕಂಡು, ‘ಈ ತಾಯಿ ನಗ್‌ನಗ್ತಾ ಬೆಂಕಿಗೋದ್ಲು’ ಅಂತದೆ. ಜನ ಚಪ್ಪಾಳೆ ಹೊಡೀತಾರೆ. ಇವಳು ಒಳಗೆ ಕಿವಿ ಮುಚ್ಕಂಡು ಕೂತಿರ್ತಾಳೆ. ಯಾರು ಸಾ ನಗ್ತಾ ಓಯ್ತಾರೆ?”

ಅಂಥ ಆಕಸ್ಮಿಕದ ಫೈಲುಗಳನ್ನು ರಂಗರಾಜುವೂ ಮುಚ್ಚಿದ್ದರು, ಮೂರೋ ನಾಲ್ಕೋ. ಮನಸ್ಸಿಗೆ ನಿಜವಾಗಿ ನಾಚಿಕೆಯಾಯಿತು. ಎರಡೂ ಇಪ್ಪತ್ತಕ್ಕೆ ದೇವಣ್ಣನ ಬಂಧನವಾಯಿತು. ಕೈ ಹಿಡಿಯಬೇಡಿ, ತಾನಾಗಿ ಬರುತ್ತಾನೆ ಎಂದು ಪುಟ್ಟಮಾದಯ್ಯನಿಗೆ ಹೇಳಿದರು. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶವನ್ನು ಆತ ಹೇಳಿದ ಮಾತಿನಲ್ಲೇ ಬರೆದರು. ಸಂಜೆ ಇಂಚರಳನ್ನು ಕರೆಸಿ ಅದನ್ನು ಓದಿಸಿದರು. ಹುಡುಗಿ ಎರಡು ಸಲ ಓದಿ ಎದ್ದು ಹೋದಳು.

ಬುಧವಾರ ದೇವಣ್ಣನಿಗೆ ಜಾಮೀನು ಸಿಕ್ಕಿತು. ನ್ಯಾಯಾಲಯದ ಅನುಮತಿ ಪಡೆದು ಕಲ್ಲನ್ನು ಮೊದಲಿನ ಜಾಗದಲ್ಲೇ ನೆಟ್ಟರು.

ಗುರುವಾರ ಇಲಾಖೆಯವರು ಬಂದರು. ಅವರ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ರಂಗರಾಜು ನಡೆದರು. ಇಂಚರ ಕಟ್ಟೆ ತೋರಿಸಿದಳು, ತೊಟ್ಟಿ ತೋರಿಸಿದಳು, ಮಂಟಪದ ಕಂಬ ಎಣಿಸಿದಳು. ಕೊನೆಗೆ ದೇವಣ್ಣನ ಜಗಲಿಯ ಮುಂದೆ ನಿಂತಳು. ಒಳಗೆ ಗಂಡಹೆಂಡಿರಿಬ್ಬರೂ ಇದ್ದರು. ಅವಳು ಕಲ್ಲಿನ ಇಸವಿ ಓದಿದಳು, ಆ ಹೆಂಗಸಿನ ಹೆಸರು ಓದಿದಳು.

“ಈಕೇನ ಇಲ್ಲಿ ಸುಟ್ರು,” ಎಂದಳು. “ಆಕೆ ಬೇಡ ಅಂದಳೋ ಏನೋ, ಅದನ್ನ ಯಾರೂ ಕೆತ್ತಲಿಲ್ಲ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧಿಕಾರಿ ಇಸವಿಯನ್ನು ಬರೆದುಕೊಂಡರು. ಸ್ವಲ್ಪ ಹೊತ್ತಿಗೆ ಶಿವನಂಜಮ್ಮ ಒಂದು ಚೊಂಬು ನೀರು ತಂದು ಇಂಚರಳ ಕೈಗೆ ಕೊಟ್ಟು, ಜಗಲಿಯ ಮೇಲೆ ಅವಳಿಗೊಂದಿಷ್ಟು ಜಾಗ ಮಾಡಿಕೊಟ್ಟಳು.