ಮೆಟ್ಟಿಲ ಮೇಲಿನ ಲೋಟ

ತಾಳವಾಡಿ ಬೆಟ್ಟದ ನಮ್ಮೂರಿನಲ್ಲಿ ಬ್ರಿಟಿಷರ ಕಾಲದ ಬಂಗಲೆಯೇ ಈಗ ಹಾಲಿನ ಡೈರಿ. ಅಲ್ಲಿ ಹಾಲು ಅಳೆಯುವವಳು ನಾನು, ಪದ್ಮಶ್ರೀ. ಪಕ್ಕದಲ್ಲಿ, ಬ್ರಿಟಿಷರ ಯುದ್ಧಕ್ಕೆ ಹೋಗಿ ಸತ್ತ ಊರಿನವರ ಸ್ಮಾರಕದ ಕಲ್ಲಿದೆ. ಅದರಲ್ಲಿ ಕೊನೆಯ ಹೆಸರು ಕೆಳಗಿನ ಕೇರಿಯ ದೊಡ್ಡಮಾದನದು.

ಹಾಲು ತಂದವರಿಗೆಲ್ಲ ಟೀ ಕೊಡುತ್ತೇವೆ. ನಮ್ಮವರಿಗೆ ಒಳಗೆ ಸ್ಟೀಲ್ ಲೋಟ, ಕೇರಿಯವರಿಗೆ ಹೊರಗೆ ಪೇಪರ್ ಕಪ್ಪು. ಅವರು ಸ್ಮಾರಕದ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಾರೆ.

ಹೋದ ಸೋಮವಾರ ಬೆಳಿಗ್ಗೆ ತೊಳೆಯಲು ಕೂತರೆ ಒಂದು ಲೋಟ ಕಮ್ಮಿ. ಅದು ದೊಡ್ಡಮಾದನ ಹೆಸರಿನ ಕೆಳಗೆ, ಮೆಟ್ಟಿಲ ಮೇಲೆ ಖಾಲಿಯಾಗಿ ಕೂತಿತ್ತು. ಮಂಜಿಗೆ ಕಲ್ಲು ಕೊರೆಯುತ್ತಿತ್ತು. ಲೋಟ ಮಾತ್ರ ಬಿಸಿ, ಮುಟ್ಟಿದರೆ ಬೆರಳು ಚುರ್ರೆಂದಿತು.

"ಇದ ಈಚೆಗೆ ತಂದೋರ್ಯಾರು?" ಎಂದು ಹಾಲು ತಂದಿದ್ದ ದೊಡ್ಡಮಾದನ ಮರಿಮಗಳು ಪರಿಮಳಳನ್ನು ಕೇಳಿದೆ.

"ನಾವು ಒರ್ಗೇ ಕುಂತಿದ್ವಲ್ಲಕ್ಕ. ನಿಮ್ ಲೋಟವ ಯಾವತ್ತು ಮುಟ್ಟಿದ್ದೀವಿ?" ಎಂದಳು. ಅವಳ ಮುಖ ನೋಡಲಾಗಲಿಲ್ಲ.

ತೊಳೆದು, ಒಳಗೆ ಬೋರಲು ಹಾಕಿ, ಬೀಗ ಜಡಿದು ಹೋದೆ. ಮರುದಿನ ಬೀಗ ತೆಗೆಯುವ ಮುಂಚೆಯೇ ಅದು ಅದೇ ಮೆಟ್ಟಿಲ ಮೇಲಿತ್ತು, ತಳದಲ್ಲಿ ಟೀ ಚರಟ ಸಮೇತ.

ಆಮೇಲೆ ಅದನ್ನು ಒಳಗೆ ತರಲಿಲ್ಲ. ಹೆದರಿಕೆಯಾಯಿತು ಎಂದು ಮನೆಯಲ್ಲಿ ಹೇಳಿದ್ದೇನೆ. ನಿಜವೆಂದರೆ, ಕೇರಿಯ ದೊಡ್ಡಮಾದನ ಬಾಯಿ ತಾಗಿದ ಲೋಟವನ್ನು ನಮ್ಮ ಲೋಟಗಳ ಜೊತೆ ಇಡಲು ನನಗೆ ಮನಸ್ಸು ಬರಲಿಲ್ಲ.

ಅದು ಅಲ್ಲೇ ಇದೆ. ಇವತ್ತೂ ಮುಟ್ಟಿ ನೋಡಿದೆ. ಬಿಸಿ ಆರಿಲ್ಲ.